ಟೇಲ್ ಶಾಫ್ಟ್ ಬುಶ್ ಮತ್ತೆ ಮತ್ತೆ ಜಾಮ್: ಮೆಟೀರಿಯಲ್ ಬದಲಿಸಬೇಕೋ, ಫಿಟಿಂಗ್‌ನಲ್ಲೇ ತಪ್ಪೋ?

ಸ್ಲ್ಯಾಟ್_ಬೆಳಗಾವಿ ಕೇಳಿದ್ದು:

ಫೌಂಡ್ರಿಯಲ್ಲಿ ನಾಕ್‌ಔಟ್ (ಅಚ್ಚು ಒಡೆದು ಎರಕ ಹೊರತೆಗೆಯುವುದು) ಆದ ಮೇಲೆ ಕಾಸ್ಟಿಂಗ್ ಸಾಗಿಸುವ ಸ್ಲ್ಯಾಟ್ ಕನ್ವೇಯರ್. ತೊಂದರೆ ಇರುವುದು ಟೇಲ್ ಶಾಫ್ಟ್‌ನ (ಚೈನ್ ಎಳೆಯುವ ಹೆಡ್ ತುದಿಗೆ ಎದುರು ತುದಿಯ ಶಾಫ್ಟ್) ಬುಶ್‌ಗಳಲ್ಲಿ, ಅಂದರೆ ಶಾಫ್ಟ್ ಒಳಗೆ ತಿರುಗುವ ಲೋಹದ ಕೊಳವೆಗಳಲ್ಲಿ. ಅಳತೆಗಳನ್ನೆಲ್ಲ ಕೊಡುತ್ತೇನೆ, ನೋಡಿ ಹೇಳಿ.

ಶಾಫ್ಟ್ ಇಎನ್ 8 (ಮಧ್ಯಮ ಕಾರ್ಬನ್ ಸ್ಟೀಲ್), ಹಾರ್ಡನ್ ಮಾಡಿಲ್ಲ. ಜರ್ನಲ್ (ಬುಶ್‌ನೊಳಗೆ ತಿರುಗುವ ಶಾಫ್ಟ್ ಭಾಗ) ಅಳತೆ 49.97ರಿಂದ 49.98 ಮಿ.ಮೀ. ವೇಗ ನಿಮಿಷಕ್ಕೆ 24 ಸುತ್ತು. ಎರಡು ಸ್ಪ್ರಾಕೆಟ್, ಎರಡು ಬುಶ್, ಒಂದೊಂದು ಬುಶ್ ಮೇಲೆ ಚೈನ್ ಎಳೆತ ಸುಮಾರು 12,000 ನ್ಯೂಟನ್. ಬುಶ್‌ನಿಂದ ಬುಶ್‌ಗೆ ಅಂತರ 900 ಮಿ.ಮೀ. ಟೇಕಪ್ ಬ್ಲಾಕ್ (ಬುಶ್ ಕೂರುವ, ಚೈನ್ ಬಿಗಿ ಮಾಡಲು ಸರಿಸುವ ಬ್ಲಾಕ್) ಬೀಡು ಕಬ್ಬಿಣದ್ದು, ಬೋರ್ 60.02. ಬುಶ್ ಮಾರುಕಟ್ಟೆಯ ಗನ್‌ಮೆಟಲ್ ರಾಡ್‌ನಿಂದ ಟರ್ನ್ ಮಾಡಿದ್ದು: ಹೊರವ್ಯಾಸ 60.08, ಒಳವ್ಯಾಸ 50.05, ಉದ್ದ 60. ಒಳಗೆ ಇಂಗ್ಲಿಷ್ ಎಂಟರ ಆಕಾರದ ಗ್ರೀಸ್ ಗ್ರೂವ್, ಮೇಲುಗಡೆ ನಿಪ್ಪಲ್. ವಾರಕ್ಕೊಮ್ಮೆ ಗ್ರೀಸ್.

ಮರದ ತುಂಡು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಶಾಫ್ಟ್ ಟೈಟ್ ಆದರೆ ಒಳಗೆ ಎಮರಿ ಪೇಪರ್ ತಿರುಗಿಸುತ್ತಾರೆ. ಹೊಸ ಬುಶ್ ಹಾಕಿದ ದಿನವೇ ಬ್ಲಾಕ್ 70 ಡಿಗ್ರಿ ತೋರಿಸುತ್ತದೆ. ಕೆಲವು ವಾರ ಕಳೆದರೆ ಬುಶ್ ಬ್ಲಾಕ್‌ನೊಳಗೇ ತಿರುಗಿ ಗ್ರೀಸ್ ತೂತು ಮುಚ್ಚಿಕೊಳ್ಳುತ್ತದೆ, ಶಾಫ್ಟ್ ಗೀರಾಗುತ್ತದೆ. ಮೂರು ತಿಂಗಳಿಗೆ ಮತ್ತೆ ಹೊಸದು.

ಫಾಸ್ಫರ್ ಬ್ರಾಂಜ್‌ಗೆ ಹೋಗಬೇಕಾ? ನೈಲಾನ್ ಅಥವಾ ಡಿಯು (ಟೆಫ್ಲಾನ್ ಪದರದ) ಬುಶ್ ನಡೆಯುತ್ತಾ? ಬುಶ್ ತಿರುಗದ ಹಾಗೆ ಹೊರವ್ಯಾಸ 60.12 ಮಾಡಿಸಿದರೆ ಸರಿಹೋಗುತ್ತಾ?

ಬೋರ್‌ಗೇಜ್:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕಂದರೆ ಅದು ರೋಗವನ್ನೇ ಹೆಚ್ಚಿಸುವ ಔಷಧ. 60.12 ಮಾಡಿಸಬೇಡಿ.

ಮೊದಲು ಭಾರದ ಲೆಕ್ಕ. ಒತ್ತಡ ಅಂದರೆ ಭಾರವನ್ನು ವ್ಯಾಸ ಗುಣಿಸು ಉದ್ದದಿಂದ ಭಾಗಿಸಿದ್ದು: 12,000 ÷ (50 × 60) = 4 ನ್ಯೂಟನ್ ಪ್ರತಿ ಚದರ ಮಿ.ಮೀ. ಜರ್ನಲ್ ಮೇಲ್ಮೈ ವೇಗ 3.14 × 50 × 24 ÷ 60,000 = ಸೆಕೆಂಡಿಗೆ 0.063 ಮೀಟರ್. ಎರಡನ್ನೂ ಗುಣಿಸಿದರೆ ಪಿವಿ 0.25. ಸೀಸ ಬೆರೆತ ಸಾಧಾರಣ ಬ್ರಾಂಜ್ ಎಸ್‌ಎಇ 660ಕ್ಕೆ ಕೈಪಿಡಿಗಳು ಕೊಡುವ ಮಿತಿ ಒತ್ತಡಕ್ಕೆ 28, ಪಿವಿಗೆ ಸುಮಾರು 2.6. ನಿಮ್ಮದು ಅದರ ಹತ್ತರಲ್ಲೊಂದು ಭಾಗ. ಇಷ್ಟು ಹಗುರ ಕೆಲಸಕ್ಕೆ ಗನ್‌ಮೆಟಲ್ ಸೋತಿದೆ ಅಂದರೆ ತಪ್ಪು ಗನ್‌ಮೆಟಲ್‌ದಲ್ಲ.

ಈಗ ನಿಮ್ಮ ಅಳತೆ. ಬುಶ್ 60.08, ಬ್ಲಾಕ್ 60.02, ಇಂಟರ್‌ಫಿಯರೆನ್ಸ್ (ಬ್ಲಾಕ್ ಬೋರ್‌ಗಿಂತ ಬುಶ್ ದಪ್ಪ ಇರುವಷ್ಟು) 60 ಮೈಕ್ರಾನ್; ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ. ಬುಶ್ ಒತ್ತಿ ಕೂರಿಸಿದಾಗ ಅದು ಬ್ಲಾಕನ್ನು ಸ್ವಲ್ಪ ಹಿಗ್ಗಿಸುತ್ತದೆ, ತಾನು ಬಹಳ ಕುಗ್ಗುತ್ತದೆ. 5 ಮಿ.ಮೀ. ಗೋಡೆಯ ಬ್ರಾಂಜ್ ಬುಶ್ ದಪ್ಪನೆಯ ಸ್ಟೀಲ್ ಹೌಸಿಂಗ್‌ನಲ್ಲಿದ್ದರೆ ಇಂಟರ್‌ಫಿಯರೆನ್ಸ್‌ನ ಶೇಕಡ 85–90, ಬೀಡು ಹೌಸಿಂಗ್‌ನಲ್ಲಾದರೆ 75–80ರಷ್ಟು ಒಳವ್ಯಾಸದಿಂದ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಸುಮಾರು 46 ಮೈಕ್ರಾನ್. ಅಂದರೆ ಲೇತ್ ಮೇಲೆ 50.05 ಇದ್ದ ಬೋರ್ ಬ್ಲಾಕ್‌ನೊಳಗೆ 50.004. ಶಾಫ್ಟ್ 49.98. ಉಳಿದ ಸಡಿಲ 24 ಮೈಕ್ರಾನ್! ಟರ್ನರ್ 70 ಮೈಕ್ರಾನ್ ಕೊಟ್ಟಿದ್ದೇನೆ ಅಂತ ಸತ್ಯವನ್ನೇ ಹೇಳುತ್ತಾನೆ, ಯಂತ್ರದಲ್ಲಿ ಇರುವುದು ಅದರ ಮೂರನೇ ಒಂದು ಪಾಲು. ಧೂಳಿರುವ ಜಾಗದಲ್ಲಿ, ಗ್ರೀಸ್ ಮೇಲೆ ನಡೆಯುವ 50ರ ಶಾಫ್ಟ್‌ಗೆ 80ರಿಂದ 120 ಮೈಕ್ರಾನ್ ಬೇಕು.

ಬುಶ್ ಆಮೇಲೆ ಯಾಕೆ ಲೂಸ್ ಆಗಿ ತಿರುಗುತ್ತದೆ? ಟೈಟ್ ಸಾಲದೇ ಅಲ್ಲ, ಟೈಟ್ ಜಾಸ್ತಿಯಾಗಿ. 60 ಮೈಕ್ರಾನ್ ಇಂಟರ್‌ಫಿಯರೆನ್ಸ್‌ಗೆ ಬುಶ್‌ನ ಒಳಮೈಯಲ್ಲಿ ಸುತ್ತಳತೆಯ ದಿಕ್ಕಿನ ಒತ್ತಡ ಪ್ರತಿ ಚದರ ಮಿ.ಮೀ.ಗೆ 95 ನ್ಯೂಟನ್ ಆಸುಪಾಸು ಬರುತ್ತದೆ. ಬಿಸಿ 60 ಡಿಗ್ರಿ ಏರಿದರೆ ಬ್ರಾಂಜ್ ಬೀಡಿಗಿಂತ ಹೆಚ್ಚು ಹಿಗ್ಗುವುದರಿಂದ ಇನ್ನೊಂದು 27 ಮೈಕ್ರಾನ್ ಸೇರಿ ಅದು 140ಕ್ಕೆ ಹೋಗುತ್ತದೆ. ಇಂಥ ಬ್ರಾಂಜ್‌ನ ಇಳುವರಿ ಬಲ (ಲೋಹದ ಆಕಾರ ಶಾಶ್ವತವಾಗಿ ಕೆಡಲು ಶುರುವಾಗುವ ಒತ್ತಡ) ಇರುವುದೇ ಸುಮಾರು 125. ಹೊರಗೆ ಹಿಗ್ಗಲು ಬ್ಲಾಕ್ ಬಿಡುವುದಿಲ್ಲ, ಹಾಗಾಗಿ ಲೋಹ ಒಳಕ್ಕೆ ಕುಸಿಯುತ್ತದೆ. ರಾತ್ರಿ ಯಂತ್ರ ನಿಂತು ತಣ್ಣಗಾದಾಗ ಬುಶ್ ಮೊದಲಿಗಿಂತ ಚಿಕ್ಕದಾಗಿರುತ್ತದೆ: ಹೊರಗೆ ಲೂಸ್, ಒಳಗೆ ಇನ್ನೂ ಟೈಟ್. ಮಾರನೇ ದಿನ ಶಾಫ್ಟ್ ಅದನ್ನು ಹಿಡಿದುಕೊಂಡು ತಿರುಗುತ್ತದೆ. 60.12 ಮಾಡಿದರೆ ಈ ಆಟ ಮೊದಲ ದಿನವೇ ಮುಗಿಯುತ್ತದೆ.

ಮಾಡಬೇಕಾದ್ದು: ಇಂಟರ್‌ಫಿಯರೆನ್ಸ್ 30–50 ಮೈಕ್ರಾನ್, ಅಂದರೆ ನಿಮ್ಮ 60.02 ಬೋರ್‌ಗೆ ಬುಶ್ 60.05ರಿಂದ 60.07. ಕೂರಿಸಿದ ಮೇಲೆ ಒಳವ್ಯಾಸ 50.06–50.09 ಬರಬೇಕು.

ತಾಮ್ರ ಮಿಶ್ರಲೋಹದ ಬುಶ್‌ಗಳ ಐಎಸ್‌ಒ 4379ರಲ್ಲೂ ಇದೇ ತರ್ಕ ಅಡಗಿದೆ. ಹೌಸಿಂಗ್ ಎಚ್7, ಬುಶ್ ಹೊರಗೆ ಎಸ್6, ಒಳಗೆ ಇ6 (ಅಳತೆ ಎಷ್ಟು ಆಚೀಚೆ ಇರಬಹುದು ಅನ್ನುವ ಸಂಕೇತಗಳು). ಒತ್ತಿದ ಮೇಲೆ ಇ6 ಕುಗ್ಗಿ ಎಚ್8 ಆಸುಪಾಸು ಬರಲಿ ಅಂತಲೇ ಹಾಗೆ ಇಟ್ಟಿರುವುದು. 50ರ ಬೋರ್‌ಗೆ ಇ6 ಅಂದರೆ +50ರಿಂದ +66 ಮೈಕ್ರಾನ್. ಆದರೆ ಆ ಎಸ್6, 60ರ ಹೊರವ್ಯಾಸಕ್ಕೆ +53ರಿಂದ +72. ಬ್ಲಾಕ್ ಬೋರ್ ಎಚ್7ರ ಕೆಳತುದಿಗೆ ಬಿದ್ದರೆ ಇಂಟರ್‌ಫಿಯರೆನ್ಸ್ 72ಕ್ಕೆ ಹೋಗುತ್ತದೆ. ಬಿಸಿಯಾಗುವ ಜಾಗದಲ್ಲಿ ಕೋಷ್ಟಕ ನೋಡಿ ಸುಮ್ಮನಾಗದೆ ಬ್ಲಾಕ್ ಅಳೆದು ಬುಶ್ ಮಾಡಿಸುವುದು ಲೇಸು.

ಉದ್ಯಮಬಾಗ_ಟರ್ನರ್:

ಬೋರ್‌ಗೇಜ್ ಅವರು ಹೇಳಿದ್ದು ಬರೋಬರಿ ಐತಿ. ಕೂರಿಸೂದು ಹೆಂಗ ಅಂತ ನಾ ಹೇಳ್ತೀನಿ.

ಬ್ಲಾಕ್ ಸಣ್ಣದು, ಬಿಚ್ಚಿ ಟೇಬಲ್ ಮ್ಯಾಲೆ ತರಬಹುದು. ಹಂಗಿದ್ರ ಬುಶ್ ಒಳವ್ಯಾಸ ಮೊದಲಿಗೇ ಫಿನಿಶ್ ಮಾಡಬ್ಯಾಡ್ರಿ. 49.80ಕ್ಕ ಬಿಡ್ರಿ, ಬ್ಲಾಕ್‌ನಾಗ ಒತ್ತ್ರಿ, ಆಮ್ಯಾಲೆ ಬ್ಲಾಕ್ ಸಮೇತ ಫೋರ್ ಜಾ ಚಕ್‌ಗೆ ಕಟ್ಟಿ 50.07–50.08ಕ್ಕ ಬೋರ್ ಹೊಡೀರಿ. ಎಷ್ಟು ಕುಗ್ಗತೈತಿ ಅನ್ನೂ ಲೆಕ್ಕಾನ ಬ್ಯಾಡ. ಡಯಲ್ ಗೇಜ್ ಹಚ್ಚೂದು ಬುಶ್‌ಗೆ ಅಲ್ಲ, ಬ್ಲಾಕ್‌ನ ಗೈಡ್ ಮುಖಕ್ಕ, ಇಲ್ಲಂದ್ರ ಬೋರ್ ಗೈಡ್‌ಗೆ ಸಮಾ ಬರಂಗಿಲ್ಲ. ಚಕ್ ಜೋರಾಗಿ ಬಿಗಿಬ್ಯಾಡ್ರಿ, ಬಿಚ್ಚಿದ ಮ್ಯಾಲೆ ಬೋರ್ ಮೊಟ್ಟಿ ಆಕಾರ ಆಗಿರತೈತಿ. ಕಡೀ ಕಟ್ ವ್ಯಾಸದ ಮ್ಯಾಲೆ 0.1 ಸಾಕು, ಟೂಲ್ ಚೂಪ ಇರಲಿ.

ಲೇತ್ ಸಿಗಂಗಿಲ್ಲ, ಮೊದಲ ಫಿನಿಶ್ ಮಾಡಬೇಕು ಅಂದ್ರ: ಹೊರಗ 60.06, ಒಳಗ 50.11. 40 ಮೈಕ್ರಾನ್ ಇಂಟರ್‌ಫಿಯರೆನ್ಸ್‌ಗೆ ಸುಮಾರು 31 ಕುಗ್ಗಿ 50.08ಕ್ಕ ನಿಲ್ಲತೈತಿ.

ಸುತ್ತಿಗಿ ಬಂದ್ ಮಾಡ್ರಿ. ಬಡಿದ್ರ ಬುಶ್ ಸೊಟ್ಟ ಹೊಂಟು ಬ್ಲಾಕ್ ಗೋಡಿ ಕೆರೀತೈತಿ, ಬಾಯಿ ಅಗಲ ಆಗತೈತಿ. ನಿಮ್ಮ ಅಳತಿಗೆ ಒತ್ತಾಕ ಬೇಕಾಗೂದು ಒಂದೂವರೆ ಟನ್ ಅಷ್ಟ, 5 ಟನ್ ಹ್ಯಾಂಡ್ ಪ್ರೆಸ್ ಧಾರಾಳ ಆತು. ಪ್ರೆಸ್ ಇಲ್ಲಂದ್ರ ಎಂ20 ಸ್ಟಡ್, ಎರಡು ದಪ್ಪ ವಾಷರ್, ನಟ್ ಹಾಕಿ ಎಳಕೊಳ್ರಿ.

ಬುಶ್ ಒತ್ತಾಕ ಮೆಟ್ಟಲ ಇರೂ ಮ್ಯಾಂಡ್ರೆಲ್ (ದುಂಡನ ಸರಳು) ಒಂದು ಮಾಡಿಟ್ಕೊಳ್ರಿ. ಭುಜದ ವ್ಯಾಸ 59.7, ಬುಶ್ ಮುಖದ ಮ್ಯಾಲೆ ಪೂರಾ ಕೂಡೂ ಹಂಗ. ಮುಂದಿನ ಪೈಲಟ್ (ಬುಶ್ ಒಳಗ ಹೋಗೂ ಭಾಗ), ಒತ್ತಿದ ಮ್ಯಾಲೆ ಬರೂ ಬೋರ್‌ಗಿಂತ 0.1 ಸಣ್ಣ ಇರಬೇಕು, ಒತ್ತೂ ಮೊದಲಿನ ಬೋರ್‌ಗಿಂತ ಅಲ್ಲ. 50.11 ನೋಡಿ ಪೈಲಟ್ 50.10 ಮಾಡಿದ್ರ ಬುಶ್ ಕುಗ್ಗಿ ಮ್ಯಾಂಡ್ರೆಲ್ ಒಳಗ ಸಿಕ್ಕೊಂಡು ಕುಂದ್ರತೈತಿ, ಆಮ್ಯಾಲೆ ತಗ್ಯಾಕ ಬುಶ್ ಸೀಳಬೇಕು.

ಬ್ಲಾಕ್ ಬಾಯಿಗೆ 1.5 ಮಿ.ಮೀ. ಚಾಂಫರ್ (ಅಂಚಿನ ಓರೆ ಕಡಿತ) 20–30 ಡಿಗ್ರಿ, ಬುಶ್ ಮುಂದಿನ ತುದಿಗೆ 3 ಮಿ.ಮೀ. ಉದ್ದದ 15 ಡಿಗ್ರಿ ಇಳಿಜಾರು. ಹಳೇ ಬುಶ್ ತಿರುಗಿದ ಬ್ಲಾಕ್ ಅಂದ್ರ ಬೋರ್ ಮೊದಲ ಅಳೀರಿ: ಮೂರು ಆಳ, ಎರಡು ದಿಕ್ಕು. ಮೊಟ್ಟಿ ಆಗಿದ್ರ 60.50ಕ್ಕ ಬೋರ್ ಹೊಡದು ಹೊಸ ಬುಶ್ ಅದಕ್ಕ ತಕ್ಕಂಗ ಮಾಡ್ರಿ. ಬೋರ್ ಹೊಡಿಯೂ ಖರ್ಚು ಉಳಿಸಾಕ ಹೋಗಿ ಪಂಚ್ ಹೊಡದು ಗುಳಿ ಮಾಡಿ ಟೈಟ್ ಮಾಡೂದು ಬ್ಯಾಡ್ರಿ. ಬುಶ್ ಆ ಗುಳಿ ತುದಿಗಳ ಮ್ಯಾಲ ನಿಂದರತೈತಿ, ಬಿಸಿ ಹೊರಗ ದಾಟಂಗಿಲ್ಲ.

ಎಮರಿ ಪೇಪರ್ ಮುಟ್ಟಬ್ಯಾಡ್ರಿ. ಎಮರಿ ಪುಡಿ ಮೆತ್ತನ್ನ ಬ್ರಾಂಜ್‌ನಾಗ ನಟ್ಟು ಅಲ್ಲೇ ಉಳಿತೈತಿ. ಬುಶ್ ಸಾಣೆಕಲ್ಲು ಆಗಿ ಶಾಫ್ಟ್ ತಿಂತೈತಿ. ನಿಮ್ಮ ಶಾಫ್ಟ್ ಗೀರಿಗೆ ಅರ್ಧ ಕಾರಣ ಇದ. ಟೈಟ್ ಇದ್ರ ರೀಮರ್ ಇಲ್ಲಾ ಸ್ಕ್ರೇಪರ್, ಎರಡ ದಾರಿ.

ಪೀಣ್ಯ_ಡಿಸೈನ್:

ಮೆಟೀರಿಯಲ್ ಪ್ರಶ್ನೆಗೆ ಉತ್ತರ.

ಫಾಸ್ಫರ್ ಬ್ರಾಂಜ್ ಬೇಡ, ನಿಮ್ಮ ಶಾಫ್ಟ್ ಹೀಗಿರುವವರೆಗೆ ಬೇಡ. ಬುಶ್‌ಗಿಂತ ಶಾಫ್ಟ್ ಕಡೇಪಕ್ಷ 100 ಬ್ರಿನೆಲ್ (ಗಡಸುತನದ ಅಳತೆ) ಗಟ್ಟಿ ಇರಬೇಕು ಅನ್ನುವುದು ಹಳೆಯ ನಿಯಮ. ಹಾರ್ಡನ್ ಮಾಡದ ಇಎನ್ 8 ಸುಮಾರು 180–220 ಬ್ರಿನೆಲ್. ಸೀಸ ಇರುವ ಬ್ರಾಂಜ್ 60–65ರ ಹತ್ತಿರ, ಅದಕ್ಕೆ ಈ ಶಾಫ್ಟ್ ಸಾಕು. ಫಾಸ್ಫರ್ ಬ್ರಾಂಜ್ 80–100, ಜೊತೆಗೆ ಅದರಲ್ಲಿ ಸೀಸವಿಲ್ಲ. ಗ್ರೀಸ್ ಒಂದು ಕ್ಷಣ ತಪ್ಪಿದರೆ ಸೀಸವೇ ಆ ಜಾಗದಲ್ಲಿ ಜಾರಿಕೆ ಕೊಡುವುದು. ಹೊರಗಿನ ಮರಳಿನ ಕಣವನ್ನು ತನ್ನೊಳಗೆ ಹುದುಗಿಸಿಕೊಳ್ಳುವ ಗುಣವೂ ಮೆತ್ತನೆಯ ಬ್ರಾಂಜ್‌ಗೇ ಹೆಚ್ಚು. ಗಟ್ಟಿ ಬುಶ್ ಹಾಕಿದರೆ ಸವೆತ ಬುಶ್‌ನಿಂದ ಶಾಫ್ಟ್‌ಗೆ ವರ್ಗವಾಗುತ್ತದೆ, ಅಷ್ಟೇ ವ್ಯತ್ಯಾಸ. ಬುಶ್ ಅಗ್ಗ, ಶಾಫ್ಟ್ ದುಬಾರಿ.

ಆಮೇಲೆ, "ಮಾರುಕಟ್ಟೆಯ ಗನ್‌ಮೆಟಲ್" ಅನ್ನುವ ಮಾತು. ನಿಜವಾದ ಗನ್‌ಮೆಟಲ್ ಅಂದರೆ ತಾಮ್ರ 88, ತವರ 10, ಸತು 2. ಅಂಗಡಿಯಲ್ಲಿ ಗನ್‌ಮೆಟಲ್ ಅಂತ ಸಿಗುವುದು ಬಹುತೇಕ 85-5-5-5 (ತಾಮ್ರ 85, ತವರ, ಸೀಸ, ಸತು ತಲಾ 5) ಅಥವಾ ಸ್ಕ್ರ್ಯಾಪ್ ಕರಗಿಸಿ ಎರಕ ಹೊಯ್ದದ್ದು. ಕೆಲವೊಮ್ಮೆ ಹಿತ್ತಾಳೆಗೂ ಅದೇ ಹೆಸರು. 85-5-5-5 ನಿಮ್ಮ ಭಾರಕ್ಕೆ ಸಾಲುತ್ತದೆ, ಹಿತ್ತಾಳೆ ಸಾಲದು. ಆರ್ಡರ್‌ನಲ್ಲಿ "ಗನ್‌ಮೆಟಲ್" ಅಂತ ಬರೆಯದೆ ಸಂಯೋಜನೆ ಬರೆಯಿರಿ, ಸ್ಪೆಕ್ಟ್ರೋ ವರದಿ ಕೇಳಿ. ಫೌಂಡ್ರಿಯಲ್ಲೇ ಇದ್ದೀರಿ, ಪರೀಕ್ಷೆ ಮಾಡಿಸುವುದು ನಿಮಗೆ ದೊಡ್ಡ ವಿಷಯವಲ್ಲ. ತಾಮ್ರ 83, ತವರ 7, ಸೀಸ 7, ಸತು 3 ಇರುವ ಎಸ್‌ಎಇ 660 ಕಂಟಿನ್ಯುವಸ್ ಕಾಸ್ಟ್ ಪೊಳ್ಳು ರಾಡ್ ಸಿಕ್ಕರೆ ಅದೇ ಮೊದಲ ಆಯ್ಕೆ. ಮರಳಿನ ಎರಕದಲ್ಲಿ ಬರುವ ಸಣ್ಣ ರಂಧ್ರಗಳ ಕಾಟ ಅದರಲ್ಲಿ ಕಡಿಮೆ.

ನೈಲಾನ್ ಇಲ್ಲಿ ಬೇಡ. ಬಿಸಿ ಸಾಗಿಸುವುದರಲ್ಲಿ ಬ್ರಾಂಜ್‌ನ ಇನ್ನೂರರಲ್ಲಿ ಒಂದು ಪಾಲೂ ಇಲ್ಲ, ಹಿಗ್ಗುವುದರಲ್ಲಿ ನಾಲ್ಕೈದು ಪಟ್ಟು ಹೆಚ್ಚು, ನೀರು ಹೀರಿ ಉಬ್ಬುತ್ತದೆ ಬೇರೆ. ಬಿಸಿ ಕಾಸ್ಟಿಂಗ್ ಸಾಗಿಸುವ ಕನ್ವೇಯರ್‌ನಲ್ಲಿ ಅದಕ್ಕೆ ಎಷ್ಟು ಸಡಿಲ ಕೊಟ್ಟರೂ ನೆಮ್ಮದಿಯಿಲ್ಲ.

ಡಿಯು ಬಗ್ಗೆ: ಸ್ಟೀಲ್ ಬೆನ್ನು, ಅದರ ಮೇಲೆ ಸುಮಾರು 0.25 ಮಿ.ಮೀ. ಸಿಂಟರ್ ಬ್ರಾಂಜ್ (ಪುಡಿಯನ್ನು ಕಾಸಿ ಬೆಸೆದದ್ದು), ಅದರ ರಂಧ್ರಗಳಲ್ಲಿ ಮತ್ತು ಮೇಲ್ಮೈಯಲ್ಲಿ ಪಿಟಿಎಫ್‌ಇ (ಟೆಫ್ಲಾನ್). ಮೇಲಿನ ಪದರ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗ ಮಾತ್ರ. ಒಣಗಿ ನಡೆಯುವ ಶುಭ್ರ ಜಾಗಕ್ಕೆ ಅದ್ಭುತ ವಸ್ತು. ಆದರೆ ಫೌಂಡ್ರಿಯ ಸಿಲಿಕಾ ಧೂಳು ಆ ಪದರವನ್ನು ಕೆರೆದು ಹಾಕುತ್ತದೆ. ರೀಮ್ ಮಾಡುವಂತಿಲ್ಲ, ಮಾಡಿದರೆ ಪದರವೇ ಹೋಗುತ್ತದೆ. 50ರ ಡಿಯು ಬುಶ್‌ನ ಹೊರವ್ಯಾಸ 55, ನಿಮ್ಮ ಬ್ಲಾಕ್‌ಗೆ ಇನ್ನೊಂದು ಸ್ಲೀವ್ ಬೇಕಾಗುತ್ತದೆ.

ಸಿಂಟರ್ ಬ್ರಾಂಜ್, ಅಂದರೆ ಎಣ್ಣೆ ಹೀರಿಕೊಂಡಿರುವ ಬುಶ್, ಯಾರಾದರೂ ಸೂಚಿಸಿಯಾರು. ಅದರ ಪಿವಿ ಮಿತಿ 1.75, ಲೆಕ್ಕಕ್ಕೆ ಪಾಸು. ಆದರೆ ಚೈನ್ ಕನ್ವೇಯರ್‌ನ ಜರ್ಕ್‌ಗೆ ಅದು ಗಟ್ಟಿಯಲ್ಲ, 70 ಡಿಗ್ರಿಯಲ್ಲಿ ಎಣ್ಣೆ ಬೇಗ ಖಾಲಿಯಾಗುತ್ತದೆ. ಬೇರೆ ಕಡೆ ಬಳಸುವವರಿಗೆ ಒಂದು ಮಾತು: ಅದನ್ನು ಸೀಮೆಎಣ್ಣೆ ಅಥವಾ ಥಿನ್ನರ್‌ನಲ್ಲಿ ತೊಳೆಯಬೇಡಿ, ಬಟ್ಟೆಯಲ್ಲಿ ಸುತ್ತಿಡಬೇಡಿ. ಒಳಗಿನ ಎಣ್ಣೆ ಹೊರಗೆ ಬರುತ್ತದೆ.

ಬಿಸಿ ಕಡೆಯ ಬ್ಲಾಕ್‌ನಲ್ಲಿ ಗ್ರೀಸ್ ಉರಿದು ಕರಕಲಾಗುವಷ್ಟು ತಾಪ ಇದ್ದರೆ ಮಾತ್ರ ಗ್ರಾಫೈಟ್ ಪ್ಲಗ್ ಇರುವ ಬ್ರಾಂಜ್ ಬುಶ್ ಯೋಚಿಸಿ. ಆಗ ಶಾಫ್ಟ್‌ನ ಜರ್ನಲ್ ಇಂಡಕ್ಷನ್ ಹಾರ್ಡನ್ ಮಾಡಿಸಬೇಕು. 70 ಡಿಗ್ರಿಗೆ ಆ ಖರ್ಚು ಬೇಡ, ಅದೂ ಈ 70 ಕಾಸ್ಟಿಂಗ್‌ನ ಬಿಸಿಯಲ್ಲ, ಬುಶ್ ತಾನೇ ಉಜ್ಜಿ ಮಾಡಿಕೊಂಡ ಬಿಸಿ ಅನ್ನುವುದು ಬೋರ್‌ಗೇಜ್ ಅವರ ಲೆಕ್ಕದಿಂದ ಕಾಣುತ್ತಿದೆ.

ಸ್ಲ್ಯಾಟ್_ಬೆಳಗಾವಿ:

ಅಬ್ಬಾ, 24 ಮೈಕ್ರಾನ್! ಎಲ್ಲರಿಗೂ ಧನ್ಯವಾದ. ಇನ್ನು ಮೂರು ಅನುಮಾನ. ಇದನ್ನೆಲ್ಲ ಬಿಟ್ಟು 50 ಬೋರ್‌ನ ಟೇಕಪ್ ಬೇರಿಂಗ್ ಯುನಿಟ್ ಹಾಕಿದರೆ? ಗ್ರೂವ್ ಎಂಟರ ಆಕಾರದ್ದೇ ಇರಲಾ? ಗೀರಾದ ಶಾಫ್ಟ್ ಏನು ಮಾಡುವುದು, ಗೀರು ಸುಮಾರು 0.1 ಆಳ ಇದೆ.

ಗ್ರೀಸ್‌ಗನ್:

ಗ್ರೂವ್ ವಿಷಯಕ್ಕೆ ಬಂದರೆ, ಭಾರ ಯಾವಾಗಲೂ ಕೆಳಗೆ ಅಂತ ಅಂದುಕೊಳ್ಳುವುದೇ ಮೊದಲ ತಪ್ಪು. ಟೇಲ್ ಶಾಫ್ಟನ್ನು ಚೈನ್‌ನ ಮೇಲಿನ ಎಳೆ, ಕೆಳಗಿನ ಎಳೆ ಎರಡೂ ಹೆಡ್ ಕಡೆಗೇ ಎಳೆಯುತ್ತವೆ. ಹಾಗಾಗಿ ಶಾಫ್ಟ್ ಒತ್ತಿ ಕೂರುವುದು ಬುಶ್‌ನ ಹೆಡ್ ಕಡೆಯ ಗೋಡೆಗೆ, ಅಡ್ಡಲಾಗಿ. ಹಳೆಯ ಬುಶ್ ತೆಗೆದು ನೋಡಿ, ತಿರುಗುವ ಮುಂಚೆ ಆದ ಸವೆತ ಆ ಕಡೆಯೇ ಇರುತ್ತದೆ. ಎಂಟರ ಆಕಾರದ ಗ್ರೂವ್ ಸರಿಯಾಗಿ ಆ ಗೋಡೆಯನ್ನೇ ಅಡ್ಡ ಸೀಳುತ್ತದೆ. ಭಾರ ಹೊರುವ ಜಾಗದಲ್ಲಿ ಗ್ರೂವ್ ಇದ್ದರೆ ಹೊರುವ ಮೈ ಕಡಿಮೆಯಾಗುತ್ತದೆ, ಕಟ್ಟಿಕೊಂಡ ಚೂರುಪಾರು ಗ್ರೀಸ್ ಪದರವೂ ಅಲ್ಲೇ ಸೋರಿಹೋಗುತ್ತದೆ. (ಲಿಂಕ್ ಪಿನ್‌ನಂತೆ ಹಿಂದೆಮುಂದೆ ಮಾತ್ರ ಆಡುವ ಬುಶ್ ಆದರೆ ಕಥೆ ಬೇರೆ. ಅಲ್ಲಿ ಭಾರದ ಜಾಗಕ್ಕೆ ಗ್ರೀಸ್ ತಲುಪಿಸಲು ಅಲ್ಲೇ ಗ್ರೂವ್ ಬೇಕು.)

ನಿಮಗೆ ಒಂದೇ ಒಂದು ನೇರ ಗ್ರೂವ್ ಸಾಕು, ಶಾಫ್ಟ್‌ನ ಉದ್ದಕ್ಕೆ, ಹೆಡ್‌ಗೆ ಬೆನ್ನು ಹಾಕಿದ ಕಡೆ ಅಥವಾ ನಿಪ್ಪಲ್ ನೇರಕ್ಕೆ ಮೇಲೆ. ಅಗಲ 4, ಆಳ 1.5 ಮಿ.ಮೀ., ಎರಡೂ ತುದಿಗೆ 6 ಮಿ.ಮೀ. ಬಿಟ್ಟು ನಿಲ್ಲಿಸಿ. ತುದಿಯವರೆಗೆ ಸೀಳಿದರೆ ಗ್ರೀಸ್ ಗನ್ ಒತ್ತಿದ್ದೆಲ್ಲ ನೇರ ಆಚೆ. ಗ್ರೂವ್ ಅಂಚು ದುಂಡಗೆ ಮಾಡಿ. ಚೂಪು ಅಂಚು ಗ್ರೀಸನ್ನು ಶಾಫ್ಟ್ ಮೇಲಿಂದ ಕೆರೆದು ತೆಗೆಯುತ್ತದೆ. ಒತ್ತುವ ಮೊದಲು ಬುಶ್ ಮುಖದ ಮೇಲೂ ಬ್ಲಾಕ್ ಮುಖದ ಮೇಲೂ ತೂತಿನ ನೇರಕ್ಕೆ ಗೆರೆ ಹಾಕಿ, ಒತ್ತಿದ ಮೇಲೆ ತಂತಿ ತೂರಿಸಿ ನೋಡಿ.

ವಾರಕ್ಕೊಮ್ಮೆ ಗ್ರೀಸ್ ಅಂದರೆ ಇಲ್ಲದ ಲೆಕ್ಕ. ಈ ಬುಶ್‌ನ ಸಡಿಲದೊಳಗೆ ಹಿಡಿಯುವ ಗ್ರೀಸ್ ಎಷ್ಟು ಗೊತ್ತಾ? 3.14 × 50 × 60 × 0.05 = ಸುಮಾರು 470 ಘನ ಮಿ.ಮೀ., ಅಂದರೆ ಅರ್ಧ ಗ್ರಾಂ ಕೂಡ ಇಲ್ಲ. ಕೈ ಗನ್‌ನ ಒಂದು ಪಂಪ್‌ಗೆ ಸುಮಾರು ಒಂದು ಗ್ರಾಂ ಬರುತ್ತದೆ. ಹಾಗಾಗಿ ಪ್ರತಿ ಶಿಫ್ಟ್‌ಗೆ ಎರಡು ಪಂಪ್, ಶಾಫ್ಟ್ ತಿರುಗುತ್ತಿರುವಾಗ. ತಿಂಗಳಿಗೊಮ್ಮೆ ಅರ್ಧ ಡಬ್ಬಿ ಸುರಿಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಬುಶ್ ತುದಿಯಲ್ಲಿ ಹೊಸ ಗ್ರೀಸ್‌ನ ಸಣ್ಣ ಉಂಗುರ ಕಾಣುತ್ತಿರಬೇಕು. ಆ ಉಂಗುರವೇ ಮರಳು ಒಳಗೆ ಬರದಂತೆ ಮುಚ್ಚಿದ ಬಾಗಿಲು. ಕೆಲವರು ಕ್ಲೀನ್ ಕಾಣಲಿ ಅಂತ ಒರೆಸಿ ತೆಗೆಯುತ್ತಾರೆ, ತೆಗೆಯಬೇಡಿ. ನಿಪ್ಪಲ್ ತಲೆ ಮಾತ್ರ ಒರೆಸಿ ಗನ್ ಹಚ್ಚಿ, ಇಲ್ಲವಾದರೆ ಮರಳನ್ನು ನೀವೇ ಪಂಪ್ ಮಾಡಿದ ಹಾಗೆ. ಗ್ರೀಸ್ ಲಿಥಿಯಂ ಇಪಿ 2 (ಹೆಚ್ಚು ಒತ್ತಡ ತಡೆಯುವ ಬಗೆ) ಸಾಕು, ಮಾಲಿಬ್ಡಿನಂ ಇದ್ದರೆ ಈ ನಿಧಾನ ವೇಗಕ್ಕೆ ಇನ್ನೂ ಒಳ್ಳೆಯದು.

ಯಾರೂ ಎತ್ತದ ಒಂದು ವಿಷಯ ಟೇಕಪ್ ಸ್ಕ್ರೂ. ಬ್ಲಾಕ್‌ಗಳು ಗೈಡ್‌ನಲ್ಲಿ ಜಾರುತ್ತವೆ, ಶಾಫ್ಟ್ ಜೊತೆ ವಾಲುವುದಿಲ್ಲ. ಒಂದು ಕಡೆ ಸ್ಕ್ರೂ ಹೆಚ್ಚು ಎಳೆದರೆ ಶಾಫ್ಟ್ ಓರೆಯಾಗಿ ಬುಶ್‌ನ ಎರಡು ತುದಿಯ ಅಂಚುಗಳ ಮೇಲೆ ನಿಲ್ಲುತ್ತದೆ. 60 ಉದ್ದದ ಬುಶ್‌ನಲ್ಲಿ 0.1 ಸಡಿಲ ಇದ್ದರೆ 900 ಮಿ.ಮೀ. ಅಂತರಕ್ಕೆ ತಡೆದುಕೊಳ್ಳುವ ವ್ಯತ್ಯಾಸ 1.5 ಮಿ.ಮೀ. ಎಂ24 ಸ್ಕ್ರೂ ಆದರೆ ಪಿಚ್ 3, ಅಂದರೆ ಅರ್ಧ ಸುತ್ತು. ನಿಮ್ಮ ಈಗಿನ 24 ಮೈಕ್ರಾನ್‌ಗೆ 0.36 ಮಿ.ಮೀ., ಸುತ್ತಿನ ಎಂಟನೇ ಒಂದು ಭಾಗ! ಸ್ಪ್ಯಾನರ್‌ನಲ್ಲಿ ಅಷ್ಟು ಸಮ ತರುವವರು ಯಾರಿದ್ದಾರೆ? ಸ್ಕ್ರೂ ಸುತ್ತು ಎಣಿಸಿ ನಂಬಬೇಡಿ. ಫ್ರೇಮ್‌ನ ಒಂದೇ ಅಡ್ಡಪಟ್ಟಿಯಿಂದ ಶಾಫ್ಟ್‌ನ ಎರಡೂ ತುದಿಗೆ ಸ್ಟೀಲ್ ರೂಲ್ ಇಟ್ಟು ಅಳೆದು, ಅರ್ಧ ಮಿ.ಮೀ. ಒಳಗೆ ತನ್ನಿ. ಬುಶ್ ಉದ್ದ 60ರ ಬದಲು 50 ಮಾಡಿದರೂ ಒತ್ತಡ 4.8, ಏನೂ ತೊಂದರೆಯಿಲ್ಲ, ಓರೆ ತಡೆಯುವ ಶಕ್ತಿ ಹೆಚ್ಚುತ್ತದೆ. ಉದ್ದ ಇದ್ದಷ್ಟೂ ಒಳ್ಳೆಯದು ಅನ್ನುವುದು ಬುಶ್ ವಿಷಯದಲ್ಲಿ ನಿಜವಲ್ಲ.

ಪೀಣ್ಯ_ಡಿಸೈನ್:

ಬೇರಿಂಗ್ ಯುನಿಟ್ ಬಗ್ಗೆ. 50 ಬೋರ್ ಅಂದರೆ ಯುಸಿಟಿ 210 ಮಾದರಿಯ ಬಾಲ್ ಬೇರಿಂಗ್ ಯುನಿಟ್. ಡೈನಮಿಕ್ ಸಾಮರ್ಥ್ಯ 35,000 ನ್ಯೂಟನ್ ಹಿಡಿದರೆ ಆಯುಷ್ಯ (35 ÷ 12)ರ ಘನ ಗುಣಿಸು ಹತ್ತು ಲಕ್ಷ, ಸುಮಾರು 2.5 ಕೋಟಿ ಸುತ್ತು. ನಿಮ್ಮ ವೇಗಕ್ಕೆ 17,000 ಗಂಟೆ. ದಿನಕ್ಕೆ 16 ಗಂಟೆ ಓಡಿಸಿದರೆ ಮೂರು ವರ್ಷ. ಕಾಗದದ ಮೇಲೆ ಗೆಲ್ಲುತ್ತದೆ. ಜೊತೆಗೆ ಅದು ಗೋಳಾಕಾರದಲ್ಲಿ ಕೂರುವುದರಿಂದ ಟೇಕಪ್ ಓರೆಯ ಸಮಸ್ಯೆ ತಾನಾಗಿ ಮಾಯ. ಆದರೆ ಕಾಸ್ಟಿಂಗ್ ಬಿದ್ದಾಗಿನ ಹೊಡೆತಕ್ಕೆ ಸ್ಟ್ಯಾಟಿಕ್ ಸಾಮರ್ಥ್ಯ ಭಾರದ ಎರಡರಷ್ಟೂ ಇಲ್ಲ, ಮತ್ತು ಈ ಧೂಳಿನಲ್ಲಿ ಮೊದಲು ಸಾಯುವುದು ಸೀಲ್, ಬಾಲ್ ಅಲ್ಲ. ನಾನಾದರೆ ಮೊದಲು ಬುಶ್ ಸರಿ ಮಾಡುತ್ತೇನೆ.

ಬೋರ್‌ಗೇಜ್:

ಇಲ್ಲಿ ನನ್ನದು ಭಿನ್ನಮತ. ಶಿಫ್ಟ್‌ಗೆ ಎರಡು ಪಂಪ್ ಗ್ರೀಸ್ ಹಾಕುವ ಶಿಸ್ತು ಇಲ್ಲದ ಕಡೆ ಎಷ್ಟೇ ಚೆನ್ನಾಗಿ ಬುಶ್ ಕೂರಿಸಿದರೂ ಪ್ರಯೋಜನವಿಲ್ಲ. ಅಂಥ ಕಡೆ ಸೀಲ್ ಇರುವ ಯುನಿಟ್ಟೇ ಮೇಲು, ಸತ್ತಾಗ ಬದಲಿಸಿದರಾಯಿತು.

ಶಾಫ್ಟ್‌ಗೆ ಬರೋಣ. 0.1 ಗೀರಿಗೆ ವೆಲ್ಡಿಂಗ್ ಬೇಡ. ಜರ್ನಲ್ ಭಾಗವನ್ನು ಮಾತ್ರ 49.50ಕ್ಕೆ ಇಳಿಸಿ, ಮೈ ನಯ ಆರ್‌ಎ (ಮೈಕ್ರಾನ್‌ನಲ್ಲಿ ಸರಾಸರಿ ಒರಟುತನ) 0.8ಕ್ಕಿಂತ ಒರಟಾಗದಿರಲಿ, ಮೆಟ್ಟಿಲಿನಲ್ಲಿ 2 ಮಿ.ಮೀ. ರೇಡಿಯಸ್ ಬಿಡಿ, ಅದಕ್ಕೆ ತಾಗದಂತೆ ಬುಶ್ ಬಾಯಿಗೆ ಚಾಂಫರ್ ಕೊಡಿ. ಬುಶ್ ಬೋರ್ 49.60 ಮಾಡಿ. ಬುಶ್ ಕೈಯಲ್ಲೇ ತಯಾರಾಗುವ ವಸ್ತು, ಶಾಫ್ಟ್ ಎಷ್ಟಿದೆಯೋ ಅಷ್ಟಕ್ಕೆ ಹೊಂದಿಸಬಹುದು. ಬೇರಿಂಗ್ ಯುನಿಟ್ ಹಾಕುವುದಾದರೆ ಈ ಸೌಕರ್ಯ ಇಲ್ಲ, ಹೊಸ ಶಾಫ್ಟ್ ಲೆಕ್ಕ ಸೇರಿಸಿಕೊಳ್ಳಿ.

ಸ್ಲ್ಯಾಟ್_ಬೆಳಗಾವಿ:

ಬುಶ್ ಜೊತೆಗೇ ಹೋಗುತ್ತೇವೆ. 83-7-7-3, ಹೊರಗೆ 60.06, ಉದ್ದ 50, ಬ್ಲಾಕ್‌ನಲ್ಲಿ ಒತ್ತಿದ ಮೇಲೆ 49.60ಕ್ಕೆ ಬೋರ್. ಇಂಟರ್‌ಫಿಯರೆನ್ಸ್ ಕಡಿಮೆ ಮಾಡಿದ್ದರಿಂದ ತಿರುಗೀತು ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಮಧ್ಯದಲ್ಲಿ ಒಂದು ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಬಿಗಿದರೆ? ಮತ್ತು ಡೀಪ್ ಫ್ರಿಜ್‌ನಲ್ಲಿಟ್ಟು ಕೂರಿಸಬಹುದಾ?

ಉದ್ಯಮಬಾಗ_ಟರ್ನರ್:

ಮಧ್ಯದಾಗ ಗ್ರಬ್ ಸ್ಕ್ರೂ ಬ್ಯಾಡ್ರಿ. 5 ಮಿ.ಮೀ. ಗೋಡಿಗೆ ಸ್ಕ್ರೂ ಒತ್ತಿದ್ರ ಒಳಗ ಉಬ್ಬು ಬರತೈತಿ, ಶಾಫ್ಟ್ ಅಲ್ಲೇ ಹಿಡೀತೈತಿ. ಮುಖದ ಮ್ಯಾಲೆ, ಅರ್ಧ ಬುಶ್ ಅರ್ಧ ಬ್ಲಾಕ್ ಬರೂ ಹಂಗ, 4.2 ಡ್ರಿಲ್ 12 ಆಳ ಹೊಡದು ಎಂ5 ಟ್ಯಾಪ್ ಮಾಡಿ ಗ್ರಬ್ ಸ್ಕ್ರೂ ಇಳಿಸ್ರಿ, ಮ್ಯಾಲೆ ಪಂಚ್ ಹೊಡೀರಿ. ಎಂ6 ಹಾಕಿದ್ರ ಬುಶ್ ಗೋಡಿ 2 ಮಿ.ಮೀ. ಅಷ್ಟ ಉಳಿತೈತಿ, ಅದಕ್ಕ ಎಂ5. ಜಾಗ ಹೆಡ್ ಕಡೆ ಬ್ಯಾಡ, ಅದರ ಎದುರಿಗೆ. ಬೋರ್ ಹೊಡಿಯೂಕಿಂತ ಮೊದಲ ಈ ಕೆಲಸ ಮುಗಿಸ್ರಿ, ಆಗ ಬರ್ ಬಂದ್ರೂ ಬೋರ್ ಟೂಲ್ ತಗೋತೈತಿ.

ಫ್ರಿಜ್ ನಡೀತೈತಿ. 30 ಡಿಗ್ರಿಯಿಂದ ಮೈನಸ್ 18ಕ್ಕ ಇಳಿದ್ರ 60ರ ಬುಶ್ 50 ಮೈಕ್ರಾನ್ ಸಣ್ಣ ಆಗತೈತಿ, ನಿಮ್ಮ 40ಕ್ಕ ಅಂಚಿನ ಮ್ಯಾಲೆ ಸಾಕು. ಬ್ಲಾಕನ್ನೂ 100 ಡಿಗ್ರಿಗೆ ಕಾಸಿದ್ರ ಇನ್ನೊಂದು 45 ಸಿಗತೈತಿ, ಕೈಲೆ ಇಟ್ರ ಇಳೀತೈತಿ. ಆದ್ರ ಫ್ರಿಜ್‌ನಿಂದ ತಗದು ಅರ್ಧ ನಿಮಿಷದಾಗ ಹಾಕ್ರಿ, ಅರ್ಧಕ್ಕ ನಿಂತ್ರ ಅಲ್ಲೇ ಹಿಡಕೊಂಡ ಬಿಡತೈತಿ. ಹಂಗಾಗಿ ಪ್ರೆಸ್ ಬಾಜೂಕ ಇರಲಿ. ತಂಪು ಬುಶ್ ಮ್ಯಾಲೆ ನೀರು ಹನಿ ಕಟ್ಟತೈತಿ, ಕೂತ ಮ್ಯಾಲೆ ಒರಸಿ ಎಣ್ಣಿ ಹಚ್ಚ್ರಿ.

ಗ್ರೀಸ್‌ಗನ್:

ಜೋಡಿಸಿದ ಮೇಲೆ ಶಾಫ್ಟ್‌ಗೆ ತೆಳ್ಳಗೆ ಗ್ರೀಸ್ ಬಳಿದೇ ತೂರಿಸಿ, ಚೈನ್ ಹಾಕುವ ಮೊದಲು ಕೈಯಲ್ಲಿ ತಿರುಗಿಸಿ ನೋಡಿ. ಯಾವ ಕೋನದಲ್ಲೂ ಹಿಡಿಯಬಾರದು. ಹಿಡಿದರೆ ಎರಡು ಬ್ಲಾಕ್ ಒಂದೇ ನೇರಕ್ಕಿಲ್ಲ ಅಂತ ಅರ್ಥ, ಬುಶ್ ಕೆರೆಯಲು ಹೋಗಬೇಡಿ, ಗೈಡ್ ನೋಡಿ. ಮೊದಲ ಒಂದು ಗಂಟೆ ಖಾಲಿ ಓಡಿಸಿ, ಕಾಲು ಗಂಟೆಗೊಮ್ಮೆ ಒಂದು ಪಂಪ್. ಹೊರಬರುವ ಗ್ರೀಸ್‌ನಲ್ಲಿ ಮೊದಲು ಸ್ವಲ್ಪ ಹೊಂಬಣ್ಣದ ಪುಡಿ ಕಂಡರೆ ಗಾಬರಿ ಬೇಡ, ಎರಡನೇ ದಿನವೂ ಬಂದರೆ ನಿಲ್ಲಿಸಿ ಬಿಚ್ಚಿ. ಭಾರ ಹಾಕಿದ ಮೇಲೆ ಬ್ಲಾಕ್ 50–55 ಡಿಗ್ರಿಗೆ ಬಂದು ಅಲ್ಲೇ ನಿಂತರೆ ಸರಿ. ಏರುತ್ತಲೇ ಹೋದರೆ ಮೊದಲು ಟೇಕಪ್ ಸ್ಕ್ರೂ ಅಳತೆ, ಆಮೇಲೆ ಮಿಕ್ಕದ್ದು. ನಿಪ್ಪಲ್ ಗಾರ್ಡ್ ಒಳಗಿದ್ದರೆ ತಾಮ್ರದ ಕೊಳವೆಯಲ್ಲಿ ಹೊರಗೆ ತನ್ನಿ. ಗಾರ್ಡ್ ಬಿಚ್ಚಿ ಗ್ರೀಸ್ ಹಾಕಬೇಕಾದ ಕಡೆ ಯಾರೂ ಪ್ರತಿ ಶಿಫ್ಟ್‌ಗೂ ಹೋಗುವುದಿಲ್ಲ.